ಕಾಕಾ ಬಿಟ್ಟ ಬೆಲ್ಲ

ಮೊನ್ನೆ ಚಿಕ್ಕೋಡಿಯ ಮೈದಾನದಲ್ಲಿ ಕಬಡ್ಡಿ ನೋಡುತ್ತ ಕುಳಿತಿದ್ದಾಗ ನನ್ನ ಹಿಂದೆ ಯಾರೋ ಊಟದ ಡಬ್ಬಿ ತೆರೆದರು. ಶೇಂಗಾ ಚಟ್ನಿಯ ವಾಸನೆ ಬಂತು. ನಮ್ಮ ಕಡೆ ಶೇಂಗಾ ಚಟ್ನಿ ಯಾರ ಡಬ್ಬಿಯಲ್ಲಿ ಇರುವುದಿಲ್ಲ ಹೇಳಿ? ಆದರೆ ಈ ವಾಸನೆಯಲ್ಲಿ ಬೆಳ್ಳುಳ್ಳಿ ಇರಲಿಲ್ಲ. ಹುರಿದ ಶೇಂಗಾ, ಒಣ ಮೆಣಸಿನಕಾಯಿ, ಜೀರಿಗೆ, ಅಷ್ಟೇ. ನಾನು ತಿರುಗಿಯೂ ನೋಡದೆ ಪಕ್ಕಕ್ಕೆ ಸರಿದು ಒಬ್ಬರು ಕೂರುವಷ್ಟು ಜಾಗ ಮಾಡಿದೆ. ಮಾಡಿದ ಮೇಲೆ ನೆನಪಾಯಿತು, ಕೂರಲು ಬರುವವರು ಈಗಿಲ್ಲ ಎಂದು...

ದಿಗ್ಗೇವಾಡಿಯಲ್ಲಿ ನಮ್ಮ ಮನೆಯ ಎದುರಿಗೇ ಅವರ ಕಿರಾಣಿ ಅಂಗಡಿ. ಸಣ್ಣವರಿಗೂ ದೊಡ್ಡವರಿಗೂ ಅವರು ಕಾಕಾ. ಜೈನರ ಮನೆತನ. ಬೆಳಗ್ಗೆ ಬಸ್ತಿಗೆ ಹೋಗಿ ದರ್ಶನ ಮಾಡಿ ಬಂದ ಮೇಲೆಯೇ ಬಾಯಿಗೆ ಏನಾದರೂ ಹಾಕುವವರು, ಹೊತ್ತು ಮುಳುಗಿದ ಮೇಲೆ ಒಂದು ಗುಟುಕು ನೀರನ್ನೂ ಕುಡಿಯದವರು. ಗಿರಾಕಿಗಳ ಮೇಲೆ ದನಿ ಏರಿಸಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಇಷ್ಟು ತಣ್ಣಗಿನ ಮನುಷ್ಯನಿಗೆ ಇದ್ದದ್ದು ಒಂದೇ ಹುಚ್ಚು, ನಮ್ಮೂರು ಸೇರಿದ ರಾಯಬಾಗ ತಾಲ್ಲೂಕಿನ ಕಬಡ್ಡಿ ತಂಡ.

ನಾನು ಹುಟ್ಟಿದ್ದು ಅಥಣಿ ತಾಲ್ಲೂಕಿನ ಅನಂತಪುರದಲ್ಲಿ. ಸರಕಾರಿ ದವಾಖಾನೆಯಲ್ಲಿ ನರ್ಸ್ ಕೆಲಸ, ಮದುವೆಯಾಗಿ ಬಂದದ್ದು ದಿಗ್ಗೇವಾಡಿಗೆ. ಬಂದ ವಾರದಲ್ಲೇ ಬೆಲ್ಲ ಬೇಕೆಂದು ಕಾಕಾನ ಅಂಗಡಿಗೆ ಹೋದೆ.

"ತವರುಮನಿ ಯಾವೂರವಾ?" ಅಂದರು.

"ಅನಂತಪುರ್ರೀ."

"ಅಂದ್ರ ಅಥಣಿ ತಾಲೂಕು." ಕಾಕಾ ತಕ್ಕಡಿಯನ್ನು ಕೆಳಗಿಟ್ಟರು. "ಬೆಲ್ಲಾ ಕೊಡ್ತೇನಿ. ಆದ್ರ ಹ್ವಾದ ವರ್ಷ ಫೈನಲ್‌ದಾಗ ನಿಮ್ಮ ಹುಡುಗ ಗೆರಿ ತುಳದಿದ್ದಾ. ಅದನ್ನ ಮೊದಲ ಒಪ್ಕೋ."

ಅಲ್ಲಿಯ ತನಕ ನಾನು ಕಬಡ್ಡಿಯನ್ನು ನೆಟ್ಟಗೆ ನೋಡಿದವಳೂ ಅಲ್ಲ. ಆದರೆ ತವರಿನ ಮಾತು ಬಂದರೆ ಯಾವ ಹೆಣ್ಣುಮಗಳು ಸುಮ್ಮನಿರುತ್ತಾಳೆ? "ತುಳದಿಲ್ರೀ ಕಾಕಾ, ನಿಮ್ಮ ಕಣ್ಣ ತಪಾಸ ಮಾಡಿಸ್ಕೋರಿ, ನಮ್ಮ ದವಾಖಾನ್ಯಾಗ ಫುಕಟ್ ಐತಿ" ಎಂದೆ. ಕಾಕಾ ಜೋರಾಗಿ ನಕ್ಕು ಬೆಲ್ಲವನ್ನು ಒಂದು ಚೂರು ಹೆಚ್ಚಿಗೇ ಹಾಕಿಕೊಟ್ಟರು. ನಾನು ಅಥಣಿ ತಂಡದ ಕಟ್ಟಾ ಅಭಿಮಾನಿಯಾದದ್ದು ಆ ದಿನದಿಂದ. ಅದಕ್ಕೆ ಪೂರ್ತಿ ಹೊಣೆ ಕಾಕಾ ಅವರದೇ.

ವರ್ಷಕ್ಕೊಮ್ಮೆ ಚಿಕ್ಕೋಡಿಯಲ್ಲಿ ತಾಲ್ಲೂಕು ತಾಲ್ಲೂಕುಗಳ ನಡುವೆ ಪಂದ್ಯಗಳು. ಚಿಕ್ಕೋಡಿ, ರಾಯಬಾಗ, ಅಥಣಿ, ಆಮೇಲಾಮೇಲೆ ನಿಪ್ಪಾಣಿ, ಕಾಗವಾಡ. ನಮ್ಮೂರಿನಿಂದ ಒಂದು ಟೆಂಪೋ ತುಂಬ ಜನ ಹೋಗುತ್ತಿದ್ದೆವು. ಆಟ ಸಂಜೆಯ ತನಕ ಎಳೆಯುತ್ತದೆಂದು ಕಾಕಾ ಮನೆಯಿಂದ ಡಬ್ಬಿ ತರುತ್ತಿದ್ದರು. ರೊಟ್ಟಿ, ಬೆಳ್ಳುಳ್ಳಿ ಇಲ್ಲದ ಶೇಂಗಾ ಚಟ್ನಿ, ಗಟ್ಟಿ ಮೊಸರು. ಮೈದಾನದಲ್ಲಿ ಯಾರು ಯಾರನ್ನು ಹಿಡಿದರೂ ಸರಿ, ಹೊತ್ತು ಇಳಿಯುವ ಮುನ್ನ ಅವರ ಡಬ್ಬಿ ತೆರೆಯಲೇಬೇಕು. ರೊಟ್ಟಿ ಕೈಯಲ್ಲಿ, ಕಣ್ಣು ಆಟದ ಮೇಲೆ. ಒಮ್ಮೆ ಉತ್ಸಾಹದಲ್ಲಿ ಮೊಸರನ್ನು ಪಕ್ಕದವರ ಅಂಗಿಯ ಮೇಲೆ ಚೆಲ್ಲಿ, ಕ್ಷಮಿಸಿ ಎನ್ನುವುದರ ಬದಲು "ಹಿಡೀ ಅವನ್ನ!" ಎಂದು ಕೂಗಿದ್ದರು.

ಮರುದಿನ ಬೆಳಗ್ಗೆ ಅವರ ಅಂಗಡಿಯ ಕಟ್ಟೆಯ ಮೇಲೆ ಪಂಚಾಯ್ತಿ. ಯಾರು ಹೇಗೆ ಆಡಿದರು, ಎಲ್ಲಿ ಎಡವಿದರು, ಮುಂದಿನ ವರ್ಷ ಯಾರು ಇರಬೇಕು ಎಂಬುದೆಲ್ಲ ಅಲ್ಲಿ ತೀರ್ಮಾನವಾಗಬೇಕು. ಈ ಪಂಚಾಯ್ತಿಗೆ ಕಾಕಾ ಒಂದು ನೇಮ ಹಾಕಿದ್ದರು. ಗೆದ್ದ ಕಡೆಯವರು ತಮ್ಮ ತಂಡದ ತಪ್ಪುಗಳನ್ನು ಹೇಳಬೇಕು. ಸೋತ ಕಡೆಯವರು ಎದುರಿನವರ ಶಾಣ್ಯಾತನ, ಅಂದರೆ ಜಾಣ್ಮೆ, ಹೇಳಬೇಕು. ಇದಕ್ಕೆ ಒಪ್ಪದವರು ಕಟ್ಟೆ ಇಳಿದು ಹೋಗಬಹುದು. ಮೊದಮೊದಲು ನನಗೆ ಇದು ದೊಡ್ಡ ಶಿಕ್ಷೆ ಅನ್ನಿಸುತ್ತಿತ್ತು. ಪ್ರತಿ ವರ್ಷ ಗೆಲ್ಲುತ್ತಿದ್ದವರು ಅಥಣಿಯವರು. ಗೆದ್ದು ಬಂದು, ಇಡೀ ರಾಯಬಾಗದ ಮುಂದೆ ನನ್ನ ತವರಿನವರ ತಪ್ಪುಗಳನ್ನು ನಾನೇ ಹೇಳುತ್ತ ಕೂರಬೇಕು! ಕಾಕಾ ಮಾತ್ರ ಸೋತ ಮುಖ ಹೊತ್ತುಕೊಂಡೇ ಅಥಣಿಯ ಹುಡುಗರ ಕಾಲ್ಚಳಕವನ್ನು ಮನಸಾರೆ ಹೊಗಳುತ್ತಿದ್ದರು.

ಆ ನೇಮವನ್ನು ಒಂದು ವರ್ಷ ಕಾಕಾನೇ ಮುರಿದರು.

ಅಥಣಿ, ರಾಯಬಾಗದ ಫೈನಲ್. ರಾಯಬಾಗ ಒಂದು ಅಂಕ ಮುಂದಿತ್ತು. ಅವರ ಕಡೆ ಅಂಕಣದಲ್ಲಿ ಉಳಿದಿದ್ದವನು ಮಾರುತಿ ಒಬ್ಬನೇ. ನಮ್ಮೂರಿನ ಹುಡುಗ, ಬೇರೆಯವರ ಹೊಲದಲ್ಲಿ ಕಬ್ಬು ಕಡಿಯುವವನು, ಕಾಲಿನಲ್ಲಿ ಚಿರತೆ. ಕೊನೆಯ ರೇಡ್ ಅವನದು. ಹೋಗಿ ಸುಮ್ಮನೆ ತಿರುಗಿ ಬಂದಿದ್ದರೆ ಗೆದ್ದಂತೆಯೇ ಲೆಕ್ಕ. ಬರುತ್ತಲೂ ಇದ್ದ. ಅಷ್ಟರಲ್ಲಿ ಮೂಲೆಯ ಆಟಗಾರನ ಕೈ ಹತ್ತಿರ ಕಂಡಿತು. ಮುಟ್ಟಲು ಮತ್ತೆ ಒಳಗೆ ನುಗ್ಗಿದ. ಅಥಣಿಯವರು ಅವನನ್ನು ಎತ್ತಿ ಕೆಳಗೆ ಹಾಕಿದರು. ರಾಯಬಾಗದ ಕಡೆ ಆಡುವವರೇ ಉಳಿಯಲಿಲ್ಲ, ಅದರ ಅಂಕಗಳೂ ಸೇರಿ ಅಥಣಿ ಗೆದ್ದಿತು. ನಾನು ಕುಣಿದೆ, ಸುಳ್ಳೇಕೆ ಹೇಳಲಿ.

ಮರುದಿನ ಕಟ್ಟೆಯ ಮೇಲೆ ಮಾರುತಿಯೂ ಬಂದು ಕುಳಿತಿದ್ದ. ಕಾಕಾ ಎದುರಿನವರ ಶಾಣ್ಯಾತನ ಹೇಳಬೇಕಿತ್ತು. ಹೇಳಲಿಲ್ಲ. "ನಿನ್ನ ಆಸೆಬುರುಕತನಕ್ಕ ಇಡೀ ತಾಲೂಕಿನ ಮಾನಾ ಹೋತಲೇ" ಎಂದುಬಿಟ್ಟರು. ಎಲ್ಲರ ಮುಂದೆ. ಮಾರುತಿ ಎದ್ದು ಹೋದ. ಮರುದಿನದಿಂದ ಅವನು ಮೈದಾನಕ್ಕೂ ಬರಲಿಲ್ಲ, ಅಂಗಡಿಗೂ ಬರಲಿಲ್ಲ. ಕಬಡ್ಡಿ ಬಿಟ್ಟನಂತೆ ಎಂಬ ಸುದ್ದಿ ಬಂತು.

ಅವನ ತಾಯಿಯ ಬಿ.ಪಿ. ನೋಡಲು ನಾನು ಆಗಾಗ ಅವರ ಮನೆಗೆ ಹೋಗುತ್ತಿದ್ದೆ. ಒಂದು ದಿನ ಹೊರಟಾಗ ಕಾಕಾ ಅಂಗಡಿಯ ಬಾಗಿಲು ಎಳೆದು, "ನಾನೂ ಬರ್ತೇನಿ ನಡೀವಾ" ಎಂದರು. ಮಾರುತಿ ಮನೆಯ ಹೊರಗೆ ಕುಡಗೋಲು ಮಸೆಯುತ್ತ ಕುಳಿತಿದ್ದ. ಕಾಕಾ ನೇರ ಅವನ ಮುಂದೆ ಹೋಗಿ ನಿಂತರು.

"ತಪ್ಪ ನಂದಪಾ. ಕಟ್ಟಿ ಮ್ಯಾಲಿನ ನೇಮ ಮಾಡಿದಾಂವ ನಾನ, ಮುರದಾಂವನೂ ನಾನ. ಅದಕ್ಕ ಇವತ್ತ ಬಸ್ತಿಯೊಳಗ ನೇಮ ಹಿಡದ ಬಂದೇನಿ. ನೀ ಅಥಣಿನ್ನ ಸೋಲಸೂತನಕಾ ನಾ ಸಿಹಿ ಮುಟ್ಟೂದಿಲ್ಲ."

ಒಳಗಿನಿಂದ ಅವನ ತಾಯಿ ನಗುತ್ತ, "ಬೆಲ್ಲದ ಅಂಗಡಿ ಇಟ್ಕೊಂಡ ಇದೇನ್ ಮಾತ್ರೀ ಕಾಕಾ!" ಎಂದಳು. ಮಾರುತಿ ನಗಲಿಲ್ಲ. ಕುಡಗೋಲನ್ನು ಬೆರಳಿನಿಂದ ಮುಟ್ಟಿ ನೋಡಿ ಮತ್ತೆ ಮಸೆಯತೊಡಗಿದ. ಆದರೆ ಮರುದಿನ ಬೆಳಗ್ಗೆ ಮೈದಾನದಲ್ಲಿ ಅವನೊಬ್ಬನೇ ಓಡುತ್ತಿದ್ದದ್ದನ್ನು ಹಾಲು ತರಲು ಹೋದವರು ನೋಡಿದರು.

ಕಾಕಾಗೆ ಬೆಲ್ಲ ಎಂದರೆ ಎಂಥ ಪ್ರಾಣ ಎಂದು ಗೊತ್ತಿದ್ದವರಿಗೆ ಮಾತ್ರ ಈ ನೇಮದ ತೂಕ ತಿಳಿದೀತು. ಬೆಲ್ಲದ ಪೆಂಟಿ ಒಡೆಯುವಾಗ ಸಿಡಿದ ಚೂರು ನೆಲಕ್ಕೆ ಬೀಳುವ ಮೊದಲು ಅವರ ಬಾಯಿ ಸೇರುತ್ತಿತ್ತು. ನೇಮ ಹಿಡಿದ ಮೇಲೆ ಕೈ ಅಭ್ಯಾಸಬಲದಿಂದ ಬಾಯಿಯ ತನಕ ಹೋಗಿ, ಅಲ್ಲಿಯೇ ನಿಂತು, ಹಿಂದಿರುಗುತ್ತಿತ್ತು. ಚೂರು ಎದುರಿಗೆ ನಿಂತ ಗಿರಾಕಿಗೆ. ಚಮಚೆ ನಿಲ್ಲುವಷ್ಟು ಸಕ್ಕರೆ ಹಾಕುವ ನಮ್ಮ ಸೀಮೆಯಲ್ಲಿ ಅವರೊಬ್ಬರು ಸಪ್ಪನೆಯ ಚಹಾ ಕುಡಿಯುತ್ತಿದ್ದರು. ಮಗಳ ಮದುವೆಯಲ್ಲಿ ಹೋಳಿಗೆ ಮುಟ್ಟಲಿಲ್ಲ. ಬೀಗರಿಗೆ ಅನುಮಾನ ಬಂದು, ಹೆಣ್ಣಿನ ಅಪ್ಪನಿಗೆ ಸಕ್ಕರೆ ಕಾಯಿಲೆ ಇರಬೇಕೆಂದು ಗುಸುಗುಸು ಶುರುವಾಯಿತು. ಬೀಗತಿ ನನ್ನನ್ನು ಮೂಲೆಗೆ ಕರೆದು ಕೇಳಿಯೇಬಿಟ್ಟರು. "ಸಕ್ಕರಿ ಬ್ಯಾನಿ ಅಲ್ರೀ ವೈನಿ, ಇದು ಕಬಡ್ಡಿ ಬ್ಯಾನಿ. ಇದಕ್ಕ ನಮ್ಮ ದವಾಖಾನ್ಯಾಗ ಔಷಧ ಇಲ್ಲ" ಎಂದೆ.

ಮುಂದಿನ ವರ್ಷವೂ ಅಥಣಿಯೇ ಗೆದ್ದಿತು. ಕಟ್ಟೆಯ ಮೇಲೆ ಕಾಕಾ ನೇಮ ತಪ್ಪದೆ ಎದುರಿನವರನ್ನು ಹೊಗಳಿದರು, ಮಾರುತಿಯ ಬೆನ್ನು ತಟ್ಟಿದರು, ಸಪ್ಪನೆಯ ಚಹಾ ಕುಡಿದರು. ನನಗೆ ಮಾತ್ರ ನಮ್ಮವರ ಗೆಲುವು ರುಚಿಸಲಿಲ್ಲ. ತವರು ಗೆದ್ದಾಗ ಹೀಗೆ ಸಂಕಟವಾಗುವುದು ಎಲ್ಲಾದರೂ ಉಂಟೇ? ಕಾಕಾ ಮೇಲೆ ಸಿಟ್ಟೇ ಬಂತು, ನನ್ನ ಖುಷಿಗೂ ಮಣ್ಣು ಹಾಕಿದರಲ್ಲ ಎಂದು.

ಅದರ ಮುಂದಿನ ವರ್ಷ ಮತ್ತೆ ಫೈನಲ್, ಮತ್ತೆ ಅವೇ ಎರಡು ತಂಡಗಳು. ಕಾಗವಾಡ ಅಥಣಿಯಿಂದ ಒಡೆದು ಬೇರೆ ತಾಲ್ಲೂಕಾಗಿ ನಮ್ಮ ಒಬ್ಬ ಒಳ್ಳೆಯ ಹಿಡಿತಗಾರ ಆ ಕಡೆ ಹೋದನೆಂದು ಅಥಣಿಯವರು ಆಟ ಶುರುವಾಗುವ ಮೊದಲೇ ನೆಪ ಸಿದ್ಧಮಾಡಿ ಇಟ್ಟುಕೊಂಡಿದ್ದರು. ಆದರೆ ಆಡಿದ್ದು ಜಿದ್ದಿನಿಂದಲೇ. ನಿಗದಿಯ ಸಮಯ ಮುಗಿದಾಗ ಎರಡೂ ಕಡೆ ಅಂಕ ಸಮ. ಇನ್ನಷ್ಟು ಹೊತ್ತು ಆಡಿಸಬೇಕೆಂದಾಯಿತು. ಕಾಕಾ ಆಗಲೇ ಡಬ್ಬಿಯ ರೊಟ್ಟಿ ಮುಗಿಸಿ ಕೈ ತೊಳೆದಿದ್ದರು. ಅಂಕಣದ ಆಚೆ ಮಾರುತಿಯ ತಾಯಿ ಸೆರಗಿನ ತುದಿಯಲ್ಲಿ ಏನನ್ನೋ ಕಟ್ಟಿಕೊಂಡು ನಿಂತಿದ್ದಳು. ಬೆಲ್ಲ ಎಂದು ನನಗೆ ಗೊತ್ತಿತ್ತು, ಏಕೆಂದರೆ ಅದನ್ನು ಕಾಕಾನ ಅಂಗಡಿಯಿಂದಲೇ ಅವರಿಗೆ ಗೊತ್ತಾಗದಂತೆ ತಂದುಕೊಟ್ಟವಳು ನಾನು. ಅಥಣಿಯ ಮಗಳು!

ಆ ಹೆಚ್ಚಿನ ಆಟದಲ್ಲಿ ನಾನು ಅಂಕಣ ನೋಡಿದ್ದಕ್ಕಿಂತ ಪಡುವಣ ನೋಡಿದ್ದೇ ಹೆಚ್ಚು. ಸೂರ್ಯ ಮರಗಳ ತನಕ ಇಳಿದಿದ್ದ. ಬೇಗ ಮುಗಿಸಿರಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಯಾರು ಗೆಲ್ಲಲಿ ಎಂದು ಬೇಡುತ್ತಿದ್ದೆನೋ ಅದನ್ನು ನನ್ನ ತವರಿನವರ ಮುಂದೆ ಇವತ್ತಿಗೂ ಹೇಳಿಲ್ಲ.

ಕೊನೆಗೆ ರಾಯಬಾಗ ಒಂದು ಅಂಕ ಮುಂದೆ. ಕೊನೆಯ ರೇಡ್ ಮಾರುತಿಯದು. ಒಳಗೆ ಹೋದ, ಗೆರೆ ದಾಟಿದ, ತಿರುಗಿದ. ಮೂಲೆಯವನ ಕೈ ಈ ಸಲವೂ ಅಷ್ಟೇ ಹತ್ತಿರವಿತ್ತು. ಬೇಕೆಂದೇ ಚಾಚಿದ್ದ. ಮಾರುತಿ ಆ ಕೈಯನ್ನು ನೋಡಿದ. ನೋಡಿ ಬಿಟ್ಟ. ನಡುಗೆರೆ ದಾಟಿ ಬಂದು ಮಣ್ಣಿನಲ್ಲಿ ಮಂಡಿಯೂರಿ ಕುಳಿತುಬಿಟ್ಟ.

ಆಮೇಲಿನ ಗದ್ದಲವನ್ನು ಬರೆಯಲು ನನ್ನಿಂದಾಗದು. ಹಲಗಿಯ ಬಡಿತ, ಸೀಟಿ, ಗುಲಾಲು. ನೆಟ್ಟಗೆ ನಡೆಯಲಾರದ ಮುದುಕರೂ ಕುಣಿದರು. ಮಾರುತಿ ತಾಯಿಯ ಸೆರಗಿನಿಂದ ಬೆಲ್ಲ ಬಿಚ್ಚಿಕೊಂಡು ಜನರನ್ನು ಸೀಳಿಕೊಂಡು ಓಡಿ ಬಂದು ಕಾಕಾನ ಬಾಯಿಯ ಮುಂದೆ ಹಿಡಿದ. ಕಾಕಾ ಬಾಯಿ ತೆರೆಯಲಿಲ್ಲ. ಪಡುವಣಕ್ಕೆ ತಿರುಗಿದರು. ನಾವೆಲ್ಲ ತಿರುಗಿದೆವು. ಕೆಂಪು ಬೆಳಕಿತ್ತು, ಸೂರ್ಯ ಇರಲಿಲ್ಲ.

"ಇನ್ನೂ ಬೆಳಕ ಐತಲ್ರೀ ಕಾಕಾ" ಎಂದ ಒಬ್ಬ.

ಅಥಣಿಯ ಕಡೆಯ ಹಿರಿಯರೊಬ್ಬರು ಮುಂದೆ ಬಂದು, "ಮುಳುಗಿದ್ದು ನಮ್ಮ ಹೊತ್ತರೀ, ನಿಮ್ದಲ್ಲ. ತಿನ್ರಿ" ಎಂದರು. ಸೋತವರೂ ನಕ್ಕರು.

ಕಾಕಾ ಕಣ್ಣು ಒರೆಸಿಕೊಂಡರು. "ಇಷ್ಟ ದಿನಾ ಕಾದೇನಿ, ಇನ್ನೊಂದ ಹೊತ್ತ ಕಾಯಾಕ ಆಗಾಂಗಿಲ್ಲೇನ?" ಎಂದು ಆ ಬೆಲ್ಲವನ್ನು ಖಾಲಿ ಡಬ್ಬಿಯಲ್ಲಿ ಇಟ್ಟು ಮುಚ್ಚಳ ಹಾಕಿದರು. ಟೆಂಪೋದಲ್ಲಿ ಊರಿನ ತನಕ ಆ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕುಳಿತಿದ್ದರು.

ಮರುದಿನ ಬೆಳಗ್ಗೆ ಕಟ್ಟೆಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಅಥಣಿಯ ಆ ಹಿರಿಯರೂ ಮೊಮ್ಮಗನ ಮೋಟಾರ್ ಸೈಕಲ್ ಹತ್ತಿ ಕೃಷ್ಣೆ ದಾಟಿ ಬಂದಿದ್ದರು. ಕಾಕಾ ಬಸ್ತಿಯಿಂದ ಬಂದರು, ಡಬ್ಬಿ ತೆರೆದರು, ಬೆಲ್ಲ ಬಾಯಿಗೆ ಹಾಕಿಕೊಂಡರು. ಅಷ್ಟು ಜನ ಒಬ್ಬ ಮನುಷ್ಯ ಬೆಲ್ಲ ಚೀಪುವುದನ್ನು ನೋಡುತ್ತ ನಿಂತದ್ದು ಲೋಕದಲ್ಲಿ ಬೇರೆಲ್ಲೂ ನಡೆದಿರಲಾರದು.

ನೇಮದ ಪ್ರಕಾರ ಸೋತವರು ಮೊದಲು, ಅಂದರೆ ನಾನು. "ಕೈ ಹತ್ರ ಇದ್ರೂ ಮುಟ್ಟದ ಬಂದಾನಲ್ಲ, ಅದ ನಿಮ್ಮ ಶಾಣ್ಯಾತನ" ಎಂದೆ. ಮಾರುತಿ ತಲೆ ತಗ್ಗಿಸಿದ. ಇನ್ನು ಗೆದ್ದವರು ತಮ್ಮ ತಪ್ಪು ಹೇಳಬೇಕು. ಎಲ್ಲರೂ ಕಾಕಾನ ಮುಖ ನೋಡಿದರು. ಅವರು ಬೆಲ್ಲ ನುಂಗಿ, "ಹುಡುಕಿದ್ರ ಸಿಗ್ತಾವು. ಇವತ್ತ ಹುಡುಕೂದಿಲ್ಲ" ಎಂದರು. ಎರಡನೇ ಸಲ ನೇಮ ಮುರಿದರು. ಈ ಸಲ ಯಾರೂ ತಕರಾರು ಮಾಡಲಿಲ್ಲ.

ಹೋದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಬೆಳಗ್ಗೆ ಅವರ ಮನೆಯವರು ಓಡಿ ಬಂದು ಕರೆದರು, ನಾಡಿ ನೋಡಿದವಳು ನಾನೇ. ಎಷ್ಟೋ ಜನರ ಕೈ ಹಿಡಿದು ನೋಡಿದ್ದೇನೆ, ಆ ಕೈ ಬಿಡಲು ಮಾತ್ರ ಮನಸ್ಸಾಗಲಿಲ್ಲ... ಈಗ ಅಂಗಡಿಯನ್ನು ಅವರ ಮಗ ನೋಡಿಕೊಳ್ಳುತ್ತಾನೆ. ಒಳ್ಳೆಯ ಹುಡುಗ. ಕ್ರಿಕೆಟ್ ನೋಡುತ್ತಾನೆ.

ಮೊನ್ನೆ ಮತ್ತೆ ರಾಯಬಾಗ ಗೆದ್ದಿತು. ಮತ್ತೆ ಅಥಣಿಯ ಮೇಲೆಯೇ, ಅದೂ ದೊಡ್ಡ ಅಂತರದಿಂದ. ಮಾರುತಿ ಈಗ ಆಡುವುದಿಲ್ಲ, ಹುಡುಗರಿಗೆ ಕಲಿಸುತ್ತಾನೆ. ಗುಲಾಲು ಬಡಿದುಕೊಂಡ ಮುಖದಲ್ಲಿ ಜನರ ನಡುವಿನಿಂದ ನನ್ನ ಕಡೆ ಬಂದ. ಕೈಯಲ್ಲಿ ಬೆಲ್ಲವಿತ್ತು. ನಾನು ಪಕ್ಕದಲ್ಲಿ ಮಾಡಿದ್ದ ಜಾಗವನ್ನು ನೋಡಿದ, ಕೂರಲಿಲ್ಲ.

"ಸಿಸ್ಟರ್, ಸೋತವ್ರು ಮೊದಲ" ಎಂದು ಒಂದು ಚೂರು ನನ್ನ ಕೈಗೆ ಹಾಕಿದ.

ಬಾಯಿಗೆ ಹಾಕಿಕೊಂಡೆ. ರಾಯಬಾಗದವರ ಶಾಣ್ಯಾತನ ಹೇಳಬೇಕಿತ್ತು, ಹೇಳುವುದು ಬೇಕಾದಷ್ಟಿತ್ತು. ಇಬ್ಬರೂ ಒಟ್ಟಿಗೇ ಪಡುವಣಕ್ಕೆ ತಿರುಗಿದೆವು. ಆಟ ಈ ಸಲ ಬೇಗ ಮುಗಿದಿತ್ತು. ಸೂರ್ಯ ಇನ್ನೂ ಮರಗಳಿಗಿಂತ ಬಹಳ ಮೇಲಿದ್ದ. ಕಾಕಾ ಇದ್ದಿದ್ದರೆ ಅಲ್ಲಿಯೇ ತಿನ್ನುತ್ತಿದ್ದರು.