ಮಿಡಿಗೇಶಿ ದಾರಿಯ ಸೋಡಾ ಬಂಡಿ

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಮಧುಗಿರಿಯ ಒಂದು ಗೋಲಿಸೋಡಾ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದೆ. ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನಿಗೆ ದೊರೆತ ಆ ಉದ್ಯೋಗವನ್ನು ಭಗವಂತನ ಕೃಪೆಯೆಂದೇ ಸ್ವೀಕರಿಸಿದ್ದೆ. ಬೆಳಗಿನ ಸಂಧ್ಯಾವಂದನೆ ಮುಗಿಸಿ ಹೋಗಿ, ಯಾವ ದಾರಿಗೆ ಎಷ್ಟು ಪೆಟ್ಟಿಗೆ ಹೊರಟಿತು, ವಾಹನ ಯಾವಾಗ ಮರಳಿತು ಎಂದು ಬರೆದಿಡುವುದು ನನ್ನ ಕೆಲಸ.

ಒಂದು ದಿನ ಯಜಮಾನರು ಆ ಪುಸ್ತಕವನ್ನು ತಿರುವಿಹಾಕಿದರು. ಕೊರಟಗೆರೆಗೆ ಹೋದ ಟೆಂಪೊ ಮಧ್ಯಾಹ್ನದೊಳಗೆ ಹಿಂದಿರುಗುತ್ತಿತ್ತು. ಮಿಡಿಗೇಶಿಗೆ ಹೋದ ಎತ್ತಿನ ಬಂಡಿ ಮರುದಿನ ಸಂಜೆಗೆ. “ತಿಂಗಳ ಕೊನೆಗೆ ಬಂಡಿ ಬಿಡಿಸಿ, ಅಲ್ಲಿಗೂ ಟೆಂಪೊ ಕಳಿಸೋಣ” ಎಂದರು. ನನ್ನ ಬರಹವೇ ಬಂಡಿಯವನ ಜೀವನೋಪಾಯ ಕಳೆಯುವುದೆಂದು ತಿಳಿದು ಕಸಿವಿಸಿಯಾಯಿತು. ಅವನೊಡನೆ ಒಮ್ಮೆ ಹೋಗಿ ನೋಡಿಬರುವೆನೆಂದು ಅಪ್ಪಣೆ ಪಡೆದೆ.

ಬಂಡಿ ಏರಿದೊಡನೆ ಅವನು ನಕ್ಕ. “ಏನ್ ಸ್ವಾಮಿ, ನಮ್ಮೆತ್ಗೂ ಪರೀಕ್ಷೆ ಮಡಗವ್ರಾ? ಫೇಲಾದ್ರೆ ನಂಗೇಳ್ಬುಡಿ, ಅವಕ್ಕೇಳ್ಬ್ಯಾಡಿ. ಹುಲ್ಲು ತಿನ್ನೋದೇ ಬುಟ್ಬುಡ್ತವೆ.”

ಪ್ರತಿ ಅಂಗಡಿಯ ಮುಂದೆಯೂ ತುಂಬಿದ ಸೀಸೆಗಳನ್ನಿಳಿಸಿ, ಖಾಲಿಯಾದವನ್ನು ಬೆಂಚಿನಡಿ, ಒರಳುಕಲ್ಲಿನ ಹಿಂದೆ, ಪಕ್ಕದ ಮನೆಯ ಜಗಲಿಯಲ್ಲಿ ಹುಡುಕಿ ತರುತ್ತಿದ್ದ. ಮಿಡಿಗೇಶಿಯ ಅಂಗಡಿಯಾಕೆ ಛೇಡಿಸಿದಳು: “ಲೇ, ಹೆಂಡ್ರು ತವರಿಗೋದಾಗ್ಲೂ ಇಂಗ್ ಹುಡುಕಿದ್ಯೇನ್ಲಾ?”

“ಅವ್ಳು ತಾನಾಗೇ ಬತ್ತಾಳೆ ಕಣಮ್ಮ, ಬುಡ್ಡಿ ಬರಾಕಿಲ್ಲ!”

ಸಂಜೆ ಮಾರಾಟವಾಗುವ ಸೋಡಾದ ಸೀಸೆಗಳೂ ಸಿಗಲೆಂದು ಅವನು ಅಲ್ಲೇ ತಂಗಿ, ಬೆಳಿಗ್ಗೆ ಅವನ್ನೂ ಆಯ್ದುಕೊಂಡು ಹೊರಟ. ತಡವಾಗುತ್ತಿದ್ದುದು ಇದಕ್ಕಾಗಿ.

ನಾನು ಮರಳಿದವನೇ ಪುಸ್ತಕದಲ್ಲಿ ಹೊಸದೊಂದು ಗೆರೆ ಎಳೆದು, ಹಿಂದಿರುಗಿದ ಖಾಲಿ ಸೀಸೆಗಳನ್ನು ಬರೆಯತೊಡಗಿದೆ. ಹದಿನೈದು ದಿನಗಳಲ್ಲಿ ವಿಷಯ ಸ್ಪಷ್ಟವಾಯಿತು. ಬಂಡಿ ಒಯ್ದಷ್ಟನ್ನೂ ಬಹುಮಟ್ಟಿಗೆ ಮರಳಿ ತರುತ್ತಿತ್ತು. ಟೆಂಪೊ ಅರ್ಧವನ್ನೂ ತರುತ್ತಿರಲಿಲ್ಲ. ತುಂಬಲು ಸೀಸೆಯಿಲ್ಲದೆ ನಮ್ಮ ಯಂತ್ರ ಎಷ್ಟೋ ಮಧ್ಯಾಹ್ನ ಸುಮ್ಮನೆ ನಿಂತಿರುತ್ತಿತ್ತು. ನಾವೋ, ಹೊಸ ಸೀಸೆ ಕಳಿಸುವವರು ತಡಮಾಡುತ್ತಾರೆಂದು ದೂರುತ್ತಿದ್ದೆವು! ಬೇಗ ಬರುವುದೇ ಒಳ್ಳೆಯ ಕೆಲಸವೆಂದು ಭಾವಿಸಿ ಅಳೆದವನು ನಾನೇ ಎಂದು ಯಜಮಾನರ ಮುಂದೆ ಒಪ್ಪಿಕೊಂಡೆ.

ಅವರು ಎರಡು ಬಾರಿ ಪುಟ ನೋಡಿ, ಬಂಡಿಯವನನ್ನು ಕರೆಸಿದರು. “ಮಿಡಿಗೇಶಿಗೆ ನೀನೇ ಹೋಗಪ್ಪ. ಟೆಂಪೊದವನಿಗೂ ಒಂದಿಷ್ಟು ಹೇಳಿಕೊಡು.”

“ಮೊದ್ಲು ಆ ಟೆಂಪೊಗೆ ನಿಲ್ಲೋದ್ ಕಲಿಸ್ಬೇಕಲ್ಲ ಬುದ್ಧಿ!” ಎಂದ.

ಮರುದಿನ ಬೆಳಿಗ್ಗೆ ಅವನ ಬಂಡಿಗೆ ಎಂದಿಗಿಂತ ಎರಡು ಪೆಟ್ಟಿಗೆ ಹೆಚ್ಚು ಏರಿದವು.