ಎಡಗಡೆ ಅರ್ಧ ಇಂಚು

ಅಕ್ಕ ಫೋನಿನಲ್ಲಿ ಕಳ್ಳ ಹೆಸರಿನ ಖಾತೆಯೊಂದನ್ನು ತೆರೆದಿದ್ದಳು. ಹೆಸರು ‘ಬಾಬಿನ್’, ಹೊಲಿಗೆ ಮಿಷಿನ್ನಿನ ದಾರದ ಉರುಳೆ. ತಂಗಿಯ ಫೋಟೋಗಳನ್ನು ನೋಡಿ ಹೊಟ್ಟೆ ಉರಿದುಕೊಳ್ಳುವುದಷ್ಟೇ ಅದರ ಕೆಲಸ.

ಇಬ್ಬರೂ ಅಮ್ಮನ ಜೊತೆ ಈ ಊರಿಗೆ ಬಂದದ್ದು ಒಂದೇ ದಿನ, ಒಂದೇ ಟ್ರಂಕಿನೊಂದಿಗೆ. ವರ್ಷದೊಳಗೆ ಕಾಲೇಜಿಗೆ ಹೋಗುವ ತಂಗಿಗೆ ಮನೆಯಿದ್ದ ಕಟ್ಟಡದ ತುಂಬ ಎಂಟು ಗೆಳತಿಯರಾದರು. ಒಬ್ಬೊಬ್ಬಳದು ಒಂದೊಂದು ಭಾಷೆ. ಒಬ್ಬಳ ಭಾಷೆಯನ್ನು ಇನ್ನೊಬ್ಬಳು ಕೊಂದುಹಾಕಿ, ಎಲ್ಲರೂ ಬಿದ್ದು ಬಿದ್ದು ನಗುವರು. ಅಕ್ಕನ ಪಾಲಿಗೆ ಹೊಲಿಗೆ ಮಿಷಿನ್ನು, ಅಡುಗೆಮನೆ, ಅಮ್ಮನ ಮಾತ್ರೆಗಳು. “ನೀನು ಹೇಗೂ ಮನೇಲೇ ಇರ್ತೀಯಲ್ಲ” ಎನ್ನುವಳು ಅಮ್ಮ, ದಿನಕ್ಕೆ ಹತ್ತು ಪ್ಯಾಂಟಿನ ಅಂಚು ಮಡಿಸುವುದೆಂದರೆ ಕಾಲು ಚಾಚಿ ಕೂತಂತೆ ಎಂಬ ಹಾಗೆ.

ಭಾನುವಾರ ಗೆಳತಿಯರೆಲ್ಲ ಇವರ ಕೋಣೆಯಲ್ಲೇ ಸೇರುವರು. ಅಕ್ಕ ಒಂಬತ್ತು ಲೋಟ ಟೀ ತಂದಿಡುವಳು. ಹತ್ತನೆಯದನ್ನು ಯಾರೂ ಕೇಳಿರಲಿಲ್ಲ.

ಆ ವಾರದ ಫೋಟೋಕ್ಕೆ ತಂಗಿ ‘ನಮ್ಮವರೆಲ್ಲ’ ಎಂದು ಬರೆದಿದ್ದಳು. ಅಂಚಿನಲ್ಲಿ ಟ್ರೇ ಹಿಡಿದ ಒಂದು ಕೈ, ಮಣಿಕಟ್ಟಿಗೆ ಸುತ್ತಿದ ಅಳತೆಯ ಹಳದಿ ಟೇಪು. ಉಳಿದ ಅಕ್ಕ ಕತ್ತರಿಸಿಹೋಗಿದ್ದಳು. ‘ಎಷ್ಟು ಚೆಂದದ ಸ್ಕರ್ಟು!’ ಎಂದು ಗೆಳತಿಯರಲ್ಲೊಬ್ಬಳು, ಮೇಲಿನ ಮನೆಯ ನರ್ಸ್, ತಂಗಿ ತೊಟ್ಟಿದ್ದನ್ನು ಹೊಗಳಿದ್ದಳು.

ಅಕ್ಕನಿಗೆ ತಡೆಯಲಾಗಲಿಲ್ಲ. ‘ಎಡಗಡೆ ಅಂಚು ಅರ್ಧ ಇಂಚು ಇಳಿದಿದೆ’ ಎಂದು ಬಾಬಿನ್ ಬರೆಯಿತು.

ಮರುಕ್ಷಣ ತಂಗಿ ಅಡುಗೆಮನೆಯ ಬಾಗಿಲಲ್ಲಿದ್ದಳು. “ಬಾಬಿನ್ ಮೇಡಂ, ಫೋಟೋದಲ್ಲಿ ಎಡಗಡೆ ದಿಂಬಿದೆ. ಅಂಚು ಹೆಂಗೆ ಕಾಣಿಸ್ತು?”

ಹೊಲಿದವಳಿಗಲ್ಲದೆ ಇನ್ನಾರಿಗೆ ಗೊತ್ತಿರುತ್ತದೆ! ಅಕ್ಕನ ಕಿವಿ ಬಿಸಿಯಾಯಿತು. “ನನ್ನನ್ನೂ ಒಂದಿನ ಕರೀಬಹುದಿತ್ತಲ್ಲೇ.”

“ನಿಂಗೆ ಕೆಲಸ ಇರತ್ತಲ್ಲ ಅಂತ...”

“ಇರತ್ತೆ. ಯಾರ ಕೆಲಸ ಅದು?”

ತಂಗಿ ಸಿಂಕಿನಲ್ಲಿದ್ದ ಒಂಬತ್ತು ಲೋಟಗಳನ್ನು ನೋಡಿದಳು.

ಮುಂದಿನ ಭಾನುವಾರ ಗೆಳತಿಯರು ಬರುವ ಮೊದಲೇ ಅಕ್ಕ ಮಂಚದ ನಟ್ಟನಡುವೆ ಕೂತಿದ್ದಳು.

“ಅಕ್ಕಾ, ಟೀ ಇಲ್ಲ ಇವತ್ತು?” ಎಂದಳು ನರ್ಸ್, ತನ್ನ ಮುರುಕು ಕನ್ನಡದಲ್ಲಿ.

“ಇವಳು ತರ್ತಾಳೆ. ಹತ್ತು ಲೋಟ.”

ತಂಗಿ ಮುಖ ಊದಿಸಿಕೊಂಡು ಎದ್ದಳು. ಅವಳು ಟ್ರೇ ಹಿಡಿದು ಬರುತ್ತಿದ್ದಂತೆ ನರ್ಸ್ ಫೋಟೋ ತೆಗೆದಳು. ನಡುವೆ ಅಕ್ಕ, ಅಂಚಿನಲ್ಲಿ ತಂಗಿಯ ಕೈ.

ಅಕ್ಕ ಫೋಟೋವನ್ನು ಹಿಗ್ಗಿಸಿ ನೋಡಿದಳು. ಸೂಜಿ ಚುಚ್ಚಿದ ಗುರುತಿಲ್ಲದ, ನುಣುಪಾದ ಕೈ. ಅಂಚಿನಲ್ಲಿದ್ದರೂ ಎಷ್ಟು ಚೆಂದ ಕಾಣುತ್ತಿದೆ, ಹಾಳಾದ್ದು!