ಆಲೆಮನೆಯಲ್ಲಿ ತೂಗಿದ ಕಬ್ಬಿನ ಹಾಲು

ಬೆಂಗಳೂರಿನ ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದ ನನಗೆ ಕೊನೆಯ ವರ್ಷ ಇದ್ದದ್ದು ಒಂದೇ ಆಸೆ. ಪದವಿ ಮುಗಿದ ಮೇಲೂ ಅಲ್ಲೇ ಉಳಿದು ಸಂಶೋಧನೆ ಮಾಡಬೇಕು. ವಿಭಾಗದಲ್ಲಿ ಅದಕ್ಕೆ ಒಂದೇ ಸ್ಥಾನ, ಅದನ್ನು ಕೊಡುವವರು ನಮ್ಮ ಪ್ರೊಫೆಸರು. "ಬಾಯಿಮಾತು ಬೇಡ, ಅಳತೆ ತೋರಿಸು" ಎನ್ನುವುದು ಅವರ ಮಾಮೂಲು ಮಾತು.

ನಾನು ತೋರಿಸಹೊರಟದ್ದು ಕಬ್ಬಿನ ಗಾಣ. ಮಂಡ್ಯಕ್ಕೆ ಆಗಷ್ಟೇ ಸಕ್ಕರೆ ಕಾರ್ಖಾನೆ ಬಂದಿತ್ತು. ಬೆಲ್ಲದ ಆಲೆಮನೆಗಳಿಗೆ ಇನ್ನು ಉಳಿಗಾಲವಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಎತ್ತಿನ ಗಾಣದ ಕಬ್ಬಿಣದ ಉರುಳೆಗಳಿಗೆ ಬೇರೆ ಥರದ ಗೀರು ಹಾಕಿದರೆ ಅದೇ ಕಬ್ಬಿನಿಂದ ಹೆಚ್ಚು ಹಾಲು ಬರುತ್ತದೆಂದು ನನ್ನ ಹಟ. ಕಾಲೇಜಿನಲ್ಲೇ ಎರಕ ಹೊಯ್ಸಿ, ಮದ್ದೂರು ಸ್ಟೇಷನ್ನಿನಲ್ಲಿ ಇಳಿಸಿ, ಗಾಡಿ ಕಟ್ಟಿಸಿ ಚಿಕ್ಕರಸಿನಕೆರೆ ಹತ್ತಿರದ ನನ್ನ ಸೋದರಮಾವನ ಆಲೆಮನೆಗೆ ಸಾಗಿಸಿದೆ.

ಮೊದಲ ದಿನ ಹಳೆಯ ಉರುಳೆ, ಎರಡನೆಯ ದಿನ ಹೊಸದು. ಎರಡೂ ದಿನ ಒಂದೇ ಹೊಲದ ಕಬ್ಬು, ಒಂದೇ ತೂಕ, ಅವೇ ಎತ್ತು. ಮಾವ ಗಾಣದ ಬಳಿ ನಿಂತರು. ನಾನು ಗೋಡೆಯ ಈಚೆ, ಕೊಪ್ಪರಿಗೆಯ ಹತ್ತಿರ ತಕ್ಕಡಿ ಹಿಡಿದು ಕೂತು, ಬಂದ ಬಂದ ಕೊಡ ತೂಗಿ ಬರೆದುಕೊಂಡೆ. ಸೋಸುವ ಬಟ್ಟೆ ಹೀರಿಕೊಂಡದ್ದನ್ನೂ ಲೆಕ್ಕಕ್ಕೆ ಹಿಡಿದೆ. ಅಷ್ಟು ಜಾಣ ನಾನು.

ಹೊಸ ಉರುಳೆಯಲ್ಲಿ ಹಾಲು ಕಡಿಮೆ ಬಂತು. ಮೂರು ಸಲ ಕೂಡಿ ನೋಡಿದರೂ ಕಡಿಮೆಯೇ.

ಪ್ರೊಫೆಸರು ನನ್ನ ಪುಸ್ತಕ ಓದಿ ಮುಚ್ಚಿಟ್ಟರು. "ಅಳತೆ ಚೊಕ್ಕಟವಾಗಿದೆ. ಉರುಳೆ ಸರಿಯಿಲ್ಲ" ಎಂದರು. ಬೈದಿದ್ದರೆ ವಾಸಿಯಿತ್ತು. ಸ್ಥಾನ ಇನ್ನೊಬ್ಬನಿಗೆ ಹೋಯಿತು. ಉರುಳೆಗಳನ್ನು ವಾಪಸು ತರಿಸಿ, ಒಡೆದು ಕರಗಿಸಿ, ಮುಂದಿನ ತರಗತಿಯವರ ಎರಕದ ಪಾಠಕ್ಕೆ ಬಳಸಿದರು. ನಾನು ಮಳವಳ್ಳಿಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ಮಕ್ಕಳಿಗೆ ಹೂಜಿ, ಮಾವಿನಕಾಯಿ ಬರೆಯುವುದನ್ನು ಕಲಿಸತೊಡಗಿದೆ. ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಎರಡು ವರ್ಷ ಆ ಆಲೆಮನೆಯ ಕಡೆ ತಲೆ ಹಾಕಲಿಲ್ಲ. ಕೊನೆಗೊಮ್ಮೆ ಹೋದಾಗ ಯಾರೋ ದಾರಿಹೋಕ ಒಳಗೆ ಇಣುಕಿದ. ಮಾವ ಗಾಣದ ಕೆಳಗಿನ ಬಾನಿಗೆ ಚೊಂಬು ಅದ್ದಿ ಅವನಿಗೆ ಕೊಟ್ಟರು, ನನಗೂ ಒಂದು ಕೊಟ್ಟರು.

"ನಿನ್ ಉರುಳೆ ಕಟ್ಟಿದ್ ದಿವ್ಸ ಏನ್ ಜನ ಅಂತೀಯ ಕಣ್ಲಾ. ಅಳ್ಳಿಗಳ್ಳಿನೇ ನೋಡಕ್ ಬಂದಿತ್ತು. ನಮ್ ಉಡ್ಗನ್ ಮಿಸಿನ್ನು ಅಂತ ಒಬ್ಬರನ್ನೂ ಬರೀ ಬಾಯಲ್ಲಿ ಕಳುಸ್ನಿಲ್ಲ."

ಆಲೆಮನೆಗೆ ಬಂದವರನ್ನು ಹಾಲು ಕೊಡದೆ ಕಳಿಸುವವರು ನಮ್ಮ ಸೀಮೆಯಲ್ಲಿ ಯಾರಿದ್ದಾರೆ? ಅಲ್ಲೇ ಚೊಂಬು ಹಿಡಿದು ಬೆಳೆದವನು ನಾನು. ಬಟ್ಟೆ ಕುಡಿದದ್ದನ್ನು ಲೆಕ್ಕ ಹಾಕಿದೆ, ಜನ ಕುಡಿದದ್ದನ್ನು ಕೇಳಲೇ ಇಲ್ಲ. ಮೊದಲ ದಿನ ಆ ಹಳೆಯ ಗಾಣ ನೋಡಲು ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಪ್ರೊಫೆಸರಿಗೆ ಬರೆಯೋಣವೆಂದರೆ ಮತ್ತೆ ತೂಗಿ ತೋರಿಸಲು ಉರುಳೆಗಳೇ ಇಲ್ಲ. ಅವಿಲ್ಲದೆ ನನ್ನದು ಬರೀ ಬಾಯಿಮಾತು. ಬದುಕು ಇಲ್ಲಿಗೇ ಮುಗಿಯಿತು ಅನ್ನಿಸಿತು.

"ಅಷ್ಟ್ ಚೆಂದಾಗಿ ಅರೀತಿತ್ತಲ್ಲ, ಯಾಕ್ಲಾ ಒಪ್ನಿಲ್ಲ ನಿಮ್ ಮೇಷ್ಟ್ರು?" ಎಂದು ಮಾವ ಕೇಳಿದರು.

"ನಂದೇ ಲೆಕ್ಕ ತಪ್ಪಿತ್ತು ಮಾವ" ಎಂದೆ.

"ಓಗ್ಲಿ ಬುಡು" ಎಂದು ಅವರು ನನ್ನ ಚೊಂಬನ್ನು ಮತ್ತೆ ತುಂಬಿದರು.